ಮೀನಿನ ತೊಟ್ಟಿಗೊಂದು ಅಡ್ಡಣಿಗೆ

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸ ನಮ್ಮ ಕಡೆಯ ಊರುಗಳಿಗೂ ಬಂದು ಬಹಳ ಕಾಲವಾಯಿತು. ಚಿನ್ನದ ಗಣಿಯ ರಾಬರ್ಟ್‌ಸನ್‌ಪೇಟೆಯಲ್ಲಾಗಲಿ, ಆಂಡರ್ಸನ್‌ಪೇಟೆಯಲ್ಲಾಗಲಿ, ಇತ್ತ ಬಂಗಾರಪೇಟೆಯಲ್ಲಾಗಲಿ ಸಂಜೆಯ ಹೊತ್ತು ಬೀದಿಯಲ್ಲಿ ನಡೆದು ಹೋಗುವಾಗ, ಯಾವುದಾದರೊಂದು ಮನೆಯ ಹಜಾರದಲ್ಲಿ ದೀಪದ ಬೆಳಕಿನಲ್ಲಿ ಕಿತ್ತಳೆ ಬಣ್ಣದ ಮೀನುಗಳು ಓಡಾಡುವುದು ಕಣ್ಣಿಗೆ ಬೀಳುತ್ತದೆ. ಮೀನಿಗೆ ಏನು ಹಾಕಬೇಕು, ನೀರು ಯಾವಾಗ ಬದಲಿಸಬೇಕು ಎಂದು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಆ ತೊಟ್ಟಿ ಯಾವುದರ ಮೇಲೆ ಕುಳಿತಿದೆ ಎಂಬುದನ್ನು ಕೇಳುವವರು ಕಡಮೆ. ನಾನು ಇಂದು ಅದರ ವಿಷಯವನ್ನೇ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕನ್ನಡ ಪಂಡಿತನಿಗೂ ಬಡಗಿಯ ಕೆಲಸಕ್ಕೂ ಏನು ನಂಟು ಎಂದು ನೀವು ಕೇಳಬಹುದು. ನಂಟು ಹುಡುಗರಿಂದ ಬಂದದ್ದು. ನಮ್ಮ ಪ್ರೌಢಶಾಲೆಯ ಒಂಬತ್ತನೆಯ ತರಗತಿಯವರು ಒಂದು ದಿನ ಸೀಸೆಯಲ್ಲಿ ಗಪ್ಪಿ ಮೀನುಗಳನ್ನು ತುಂಬಿಕೊಂಡು ಬಂದರು. ಈ ಗಪ್ಪಿ ನಮ್ಮ ತಾಲ್ಲೂಕಿಗೆ ಹೊಸಬನಲ್ಲ. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಸುತ್ತಣ ಹಳ್ಳಿಗಳಲ್ಲಿ ಮಲೇರಿಯಾ ಕಾಟ ಹೆಚ್ಚಾಗಿದ್ದಾಗ, 1990ರ ದಶಕದಲ್ಲಿ, ಮಲೇರಿಯಾ ಸಂಶೋಧನೆಯವರು ಅಲ್ಲಿನ ಬಾವಿಗಳಿಗೆ ಈ ಜಾತಿಯ ಮೀನುಗಳನ್ನು ಬಿಟ್ಟರು. ಸೊಳ್ಳೆಯ ಮರಿಗಳೆಂದರೆ ಅವಕ್ಕೆ ಹಬ್ಬದೂಟ. ಬಾವಿಗಳಲ್ಲಿ ಸೊಳ್ಳೆ ಮರಿಗಳು ಕಡಮೆಯಾದವು, ಹಳ್ಳಿಗಳಲ್ಲಿ ಜ್ವರವೂ ಇಳಿಯಿತು. ಅಂಥ ಉಪಕಾರಿಯನ್ನು ಸೀಸೆಯಲ್ಲಿ ಇಟ್ಟು ಕೊಲ್ಲುವುದು ಸರಿಯಲ್ಲವೆಂದು ಮುಖ್ಯೋಪಾಧ್ಯಾಯರು ಒಂದು ಗಾಜಿನ ತೊಟ್ಟಿಯನ್ನು ತರಿಸಿಕೊಟ್ಟರು. ಅದನ್ನು ಇಡುವುದಕ್ಕೆ ಪೀಠ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಪೀಠವೆಂದೆ. ಆದರೆ ಇದಕ್ಕೆ ನಮ್ಮಲ್ಲಿ ಇನ್ನೂ ಹತ್ತಿರದ ಮಾತೊಂದಿದೆ: ಅಡ್ಡಣಿಗೆ. ಊಟದ ತಟ್ಟೆಯನ್ನು ನೆಲದಿಂದ ಎತ್ತರಿಸಿ ಇಡುವ ಮುಕ್ಕಾಲಿಗೆ ಹಿಂದಿನವರು ಇಟ್ಟ ಹೆಸರು ಅದು. ಭಾರವಾದುದನ್ನು ಹೊತ್ತು ಅಲುಗಾಡದೆ ನಿಲ್ಲುವುದೇ ಅದರ ಧರ್ಮ. ಇನ್ನು ಅಕ್ವೇರಿಯಂ ಎಂಬ ಮಾತಿನ ಕಥೆಯೂ ಸ್ವಾರಸ್ಯವಾಗಿದೆ. ಲಂಡನ್ನಿನ ಮೃಗಾಲಯದಲ್ಲಿ ಮೀನಿನ ಮನೆ ತೆರೆದದ್ದು 1853ರಲ್ಲಿ. ಮರುವರ್ಷ ಗಾಸ್ ಎಂಬ ಪ್ರಕೃತಿವಿಜ್ಞಾನಿ ಬರೆದ ಪುಸ್ತಕದಿಂದ ಈ ಹೆಸರು ಜನರ ಬಾಯಿಗೆ ಬಂತು. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ದನಗಳು ನೀರು ಕುಡಿಯುವ ಜಾಗವೆಂದು ಅರ್ಥ. ನಮ್ಮ ಹೆಂಗಸರು ಮಕ್ಕಳು ಯಾರಿಂದಲೂ ಹೇಳಿಸಿಕೊಳ್ಳದೆ ‘ಮೀನಿನ ತೊಟ್ಟಿ’ ಎನ್ನುತ್ತಾರಲ್ಲ, ಅದು ಮೂಲಕ್ಕೆ ಎಷ್ಟು ಹತ್ತಿರವಾಯಿತು ನೋಡಿ! ಮೀನನ್ನು ನೋಡಿ ಸಂತೋಷಪಡುವುದು ನಮ್ಮ ನಾಡಿಗೂ ಹಳೆಯದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವಿದ್ದು, ಮೀನಿನ ಜಾತಿಗಳನ್ನೂ ಅವುಗಳ ಮೇವನ್ನೂ ವಿವರಿಸುತ್ತದೆ. ದೊರೆಯ ಮೀನುಗಳು ನೆಲದ ಮೇಲಣ ನೀರಿನಲ್ಲಿದ್ದವು. ಅವನಿಗೆ ಅಡ್ಡಣಿಗೆಯ ಚಿಂತೆ ಇರಲಿಲ್ಲ.

ನಮಗೆ ಆ ಚಿಂತೆ ಉಂಟು. ಏಕೆಂದರೆ ನೀರು ಭಾರವಾದ ವಸ್ತು. ತಿಳಿಯಾಗಿರುವುದರಿಂದ ಅದು ಹಗುರವೆಂಬ ಭ್ರಮೆ ಹುಟ್ಟುತ್ತದೆ, ಅಷ್ಟೆ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ಮೇಲೆ ಎರಡು ಅಂಗುಲ ಬಿಟ್ಟು ನೀರು ತುಂಬಿದರೆ ಅದು ಸುಮಾರು 113 ಲೀಟರ್ ಹಿಡಿಯುತ್ತದೆ. ಗಾಜು ಇಪ್ಪತ್ತು ಕಿಲೋ, ತಳದಲ್ಲಿ ಹರಡುವ ಮರಳು ಇನ್ನು ಇಪ್ಪತ್ತು ಕಿಲೋ. ಎಲ್ಲ ಕೂಡಿದರೆ ಒಂದೂವರೆ ಕ್ವಿಂಟಲಿಗೆ ಮೀರುತ್ತದೆ. ಅಂದರೆ ಒಂದೂವರೆ ರಾಗಿ ಮೂಟೆ. ರಾಗಿ ಮೂಟೆಯನ್ನಾದರೆ ಯಾರೂ ತೆಳ್ಳನೆಯ ಮೇಜಿನ ಮೇಲೆ ಇಡುವುದಿಲ್ಲ, ನೀರನ್ನು ಇಡುತ್ತಾರೆ. ಅದೂ ಹಗಲು ರಾತ್ರಿ, ವರ್ಷಗಟ್ಟಲೆ.

ನನ್ನ ಪರಿಚಯದ ಒಂದು ಮನೆಯಲ್ಲಿ ಹೀಗೆಯೇ ಆಯಿತು. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯ ಹಳೆಯ ಟೀವಿ ಮೇಜಿನ ಮೇಲೆ ತೊಟ್ಟಿ ಇಟ್ಟಿದ್ದರು. ನೀರು ಬದಲಿಸುವಾಗಲೆಲ್ಲ ನಾಲ್ಕು ಹನಿ ಚೆಲ್ಲುತ್ತಿತ್ತು. ಹಲಗೆ ಅಂಚಿನಲ್ಲಿ ಹುರಿಹಿಟ್ಟಿನಂತೆ ಉಬ್ಬಿಕೊಂಡಿತು. ಒಂದು ರಾತ್ರಿ ಮೇಜು ಪಕ್ಕಕ್ಕೆ ವಾಲಿ ಎಲ್ಲವೂ ನೆಲಕ್ಕೆ ಬಂತು. ಸರಿ, ಮೀನು ಹೋದವು, ಗಾಜು ಹೋಯಿತು. ಆದರೆ ಆ ಮನೆಯ ಮಗು ಪ್ರತಿದಿನ ಸಂಜೆ ಆ ಮೇಜಿನ ಬುಡದಲ್ಲೇ ಕುಳಿತು ಪಾಠ ಬರೆಯುತ್ತಿತ್ತು. ಶಾಲೆಯಲ್ಲಿ ನಲವತ್ತು ಮಕ್ಕಳು ಮುಗಿಬಿದ್ದು ನೋಡುವ ತೊಟ್ಟಿಯ ಕೆಳಗೆ ಏನಿರಬೇಕೆಂದು ನಾನು ಚಿಂತಿಸಿದ್ದು ಈ ಕಾರಣಕ್ಕೇ.

ಈ ಕೆಲಸದಲ್ಲಿ ನನಗೆ ಗುರುವಾಗಿ ಒದಗಿದವರು ಮೈನ್ಸಿನಲ್ಲಿ ಮರದ ಕೆಲಸ ಮಾಡಿದ್ದ ಒಬ್ಬ ಹಿರಿಯರು. ಕೋಲಾರದ ಗಣಿಗಳಲ್ಲಿ 1880ರಿಂದ ಜಾನ್ ಟೇಲರ್ ಕಂಪೆನಿಯ ಆಡಳಿತ ಮೊದಲಾಗಿ, ಮುಂದೆ ಅವು ಸರ್ಕಾರದ ಕೈಗೆ ಬಂದು, 2001ರ ಫೆಬ್ರವರಿ 28ರಂದು ಮುಚ್ಚಿಹೋದುದು ತಮಗೆ ತಿಳಿದೇ ಇದೆ. ಮೂರು ಕಿಲೋಮೀಟರಿಗೂ ಆಳವಾಗಿ ಇಳಿದಿದ್ದ ಆ ಸುರಂಗಗಳಲ್ಲಿ ಮೇಲಣ ಬಂಡೆ ಕುಸಿಯದಂತೆ ಮರದ ದಿಮ್ಮಿಗಳಿಂದಲೂ ಕಗ್ಗಲ್ಲಿನ ಗೋಡೆಗಳಿಂದಲೂ ಆಸರೆ ಕೊಡುತ್ತಿದ್ದರು. ಭಾರ ಎಲ್ಲಿಂದ ಬರುತ್ತದೆ, ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ಅವರಷ್ಟು ಬಲ್ಲವರು ಬೇರೆ ಯಾರಿದ್ದಾರೆ? ಮೈನ್ಸು ಮುಚ್ಚಿದ ಮೇಲೆ ಅವರ ಮಕ್ಕಳು ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವರಾದರು. ಆ ವಿದ್ಯೆ ಕೇಳುವವರಿಲ್ಲದೆ ಉಳಿಯಿತು. ‘ತಾತ’ ಎಂಬ ಮಾತು ಕನ್ನಡ, ತಮಿಳು, ತೆಲುಗು ಮೂರಕ್ಕೂ ಒಗ್ಗುವುದರಿಂದ ನಮ್ಮ ಹುಡುಗರು ಅವರನ್ನು ಹಾಗೆಯೇ ಕರೆದರು. ತಾತ ಬಂದವರು ಮೊದಲು ತೊಟ್ಟಿಯನ್ನು ನೋಡಲಿಲ್ಲ. ನಾವು ತಂದಿಟ್ಟಿದ್ದ ಮೊಳೆಗಳ ಪೊಟ್ಟಣವನ್ನು ನೋಡಿ ನಕ್ಕರು. “ಮೇಷ್ಟ್ರೇ, ಭಾರ ಮೊಳೆ ಮೇಲೆ ನಿಲ್ಲಬಾರದು. ಮರದ ಮೇಲೆ ಮರ ಕೂತಿರಬೇಕು. ಮರ ಮುರಿಯೋ ಮುಂಚೆ ಮಾತಾಡುತ್ತೆ, ಮೊಳೆ ಮಾತಾಡಲ್ಲ” ಎಂದರು.

ಇಡೀ ಕೆಲಸದ ಗುಟ್ಟು ಈ ಮಾತಿನಲ್ಲಿದೆ. ನಾಲ್ಕು ಕಾಲುಗಳನ್ನು ನಿಲ್ಲಿಸಿ, ಅವುಗಳ ಪಕ್ಕಕ್ಕೆ ಪಟ್ಟಿಗಳನ್ನು ಮೊಳೆ ಹೊಡೆದು ಮೇಲೆ ಹಲಗೆ ಹಾಸಿದರೆ ನೋಡುವುದಕ್ಕೆ ಅಡ್ಡಣಿಗೆಯೇ. ಆದರೆ ಆಗ ಒಂದೂವರೆ ಕ್ವಿಂಟಲ್ ಭಾರವೆಲ್ಲ ಪಟ್ಟಿಗಳಿಂದ ಮೊಳೆಗಳಿಗೆ ಬಂದು, ಮೊಳೆಗಳು ಅದನ್ನು ನೇತುಹಾಕಿಕೊಂಡಿರುತ್ತವೆ. ಹಾಗೆ ಮಾಡಕೂಡದು. ಪ್ರತಿ ಕಾಲಿನ ತಲೆಯಲ್ಲಿ ಹೊರಗಡೆಯಿಂದ ಕಚ್ಚು ಕೊರೆದು, ಉದ್ದದ ಪಟ್ಟಿಯನ್ನು ಆ ಕಚ್ಚಿನ ಮೇಲೆ ಕೂರಿಸಬೇಕು. ಆಗ ತೊಟ್ಟಿಯ ಭಾರ ಪಟ್ಟಿಗೆ, ಪಟ್ಟಿಯಿಂದ ಕಾಲಿಗೆ, ಕಾಲಿನಿಂದ ನೆಲಕ್ಕೆ ನೇರವಾಗಿ ಇಳಿದುಹೋಗುತ್ತದೆ. ಅಂಟಾಗಲಿ ತಿರುಪು ಮೊಳೆಯಾಗಲಿ ಮರವನ್ನು ಜಾಗ ಬಿಟ್ಟು ಸರಿಯದಂತೆ ಹಿಡಿಯುವುದಕ್ಕೆ ಮಾತ್ರ. ಹಿಂದೆ ಬಡಗಿಗಳು ಮರವಜ್ರವೆಂಬ ಅಂಟನ್ನು ಕಾಯಿಸಿ ಬಳಸುತ್ತಿದ್ದರು. ಆ ‘ವಜ್ರ’ ಬಹಳ ಹಳೆಯದು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರಲೇಪವೆಂದು ಒಂದು ಅಧ್ಯಾಯವೇ ಇದೆ. ಆದರೆ ಬಡಗಿಯ ಮರವಜ್ರ ಒದ್ದೆಯಾದರೆ ಕರಗುತ್ತದೆ. ಮೀನಿನ ತೊಟ್ಟಿಯ ಕೆಲಸಕ್ಕೆ ನೀರು ತಡೆಯುವ ಅಂಟೆಂದು ಡಬ್ಬಿಯ ಮೇಲೆ ಬರೆದಿರುವುದನ್ನೇ ಕೇಳಿ ಕೊಳ್ಳತಕ್ಕದ್ದು.

ಮರದ ವಿಷಯ. ತೇಗ ಉತ್ತಮ, ಆದರೆ ಅದರ ಬೆಲೆ ಕೇಳಿದರೆ ಮೀನಿನ ಆಸೆಯೇ ಬತ್ತಿಹೋಗುತ್ತದೆ. ಹೊನ್ನೆ, ಮತ್ತಿ ಗಟ್ಟಿಯಾದುವು. ಹಳೆಯ ಮನೆ ಕೆಡವಿದಾಗ ಬರುವ ಬಾಗಿಲುವಾಡದ ಮರ ಸಿಕ್ಕಿದರೆ ಅದಕ್ಕಿಂತ ಅದೃಷ್ಟವಿಲ್ಲ, ಏಕೆಂದರೆ ಅದು ಎಷ್ಟು ಒಣಗಬೇಕೋ ಅಷ್ಟು ಒಣಗಿ, ಎಷ್ಟು ತಿರುಚಬೇಕೋ ಅಷ್ಟು ತಿರುಚಿ ಮುಗಿದಿರುತ್ತದೆ. ಒಳಗೆ ಮುರಿದ ಮೊಳೆಗಳಿವೆಯೇ ಎಂದು ನೋಡಿ ಗರಗಸ ಇಡಿ. ನಮ್ಮ ಜಿಲ್ಲೆಯಲ್ಲಿ ಕಣ್ಣು ಹಾಯಿಸಿದ ಕಡೆ ಕಾಣುವುದು ನೀಲಗಿರಿ. ಟಿಪ್ಪುವಿನ ಕಾಲದಲ್ಲೇ ನಂದಿಬೆಟ್ಟಕ್ಕೆ ಬಂದಿತೆಂದು ಹೇಳುವ ಈ ಮರ ಕೆರೆ ಬಾವಿಗಳ ಊರನ್ನು ಆವರಿಸಿಕೊಂಡು, ಕೊನೆಗೆ 2017ರಲ್ಲಿ ಹೊಸದಾಗಿ ನೆಡಬಾರದೆಂದು ಸರ್ಕಾರವೇ ತಡೆಯಬೇಕಾಯಿತು. ಅಗ್ಗವೇನೋ ಹೌದು, ಆದರೆ ಒಣಗುತ್ತ ಒಣಗುತ್ತ ತಿರುಚಿಕೊಳ್ಳುತ್ತದೆ, ಸೀಳುತ್ತದೆ. ಪೀಠದ ಕೆಲಸಕ್ಕೆ ನಾನು ಅದನ್ನು ಒಪ್ಪಲಾರೆ. ಮಾವಿನ ಹಲಗೆಗೆ ಹುಳು ಬೇಗ ಹತ್ತುತ್ತದೆ. ಬಂಗಾರಪೇಟೆಯಂಥ ರೈಲು ಜಂಕ್ಷನ್ನಿನ ಊರಿನಲ್ಲಿ ಹಳೆಯ ರೈಲ್ವೆ ಸ್ಲೀಪರಿನ ಮರ ಯಾರಾದರೂ ತಂದುಕೊಡುತ್ತೇನೆಂದಾರು. ಗಟ್ಟಿಯೆಂದು ಮರುಳಾಗಬೇಡಿ. ಅದಕ್ಕೆ ಕ್ರಿಯೋಸೋಟ್ ಎಂಬ ಕಟುವಾದ ಎಣ್ಣೆ ಕುಡಿಸಿರುತ್ತಾರೆ. ಮನೆಯೊಳಕ್ಕೂ ಸಲ್ಲದು, ಮೀನಿನ ಹತ್ತಿರವಂತೂ ಸಲ್ಲವೇ ಸಲ್ಲದು. ನಾವು ಕೊನೆಗೆ ಆರಿಸಿದ್ದು ಕಾಫಿ ತೋಟಗಳ ಕಡೆಯಿಂದ ಬರುವ ಸಿಲ್ವರ್ ಓಕ್. ಹಗುರ, ಉಳಿಗೆ ಬಗ್ಗುತ್ತದೆ, ಹುಡುಗರ ಕೈಗೆ ಹಿತ. ಕೊಯ್ಯಿಸಿ ತಂದ ಮೇಲೆ ನೆರಳಿನಲ್ಲಿ, ನಡುನಡುವೆ ಕಡ್ಡಿ ಇಟ್ಟು ಗಾಳಿಯಾಡುವಂತೆ ಒಟ್ಟಿ ಒಣಗಿಸಿದೆವು. ಬಿಸಿಲಿಗೆ ಹಾಕಿದ್ದರೆ ಸೀಳಿಬಿಡುತ್ತಿತ್ತು.

ಅಳತೆ ಹೇಳಿಬಿಡುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಬಹುದು. ಮೂರು ಅಡಿಯ ತೊಟ್ಟಿಗೆ ಮೇಲಣ ಚೌಕಟ್ಟು 38 ಅಂಗುಲ ಉದ್ದ, 14 ಅಂಗುಲ ಅಗಲ. ಕಾಲುಗಳು 3 ಅಂಗುಲ ಚೌಕ, 28 ಅಂಗುಲ ಎತ್ತರ. ಪಟ್ಟಿಗಳು 3 ಅಂಗುಲ ಅಗಲ, ಒಂದೂವರೆ ಅಂಗುಲ ದಪ್ಪ. ಕಾಲಿನ ಕಚ್ಚು ಪಟ್ಟಿಯ ಅಳತೆಗೆ ಸರಿಯಾಗಿ ಒಂದೂವರೆ ಅಂಗುಲ ಆಳ, ಮೂರು ಅಂಗುಲ ಎತ್ತರ. ಅಡ್ಡದ ಗಿಡ್ಡ ಪಟ್ಟಿಗಳ ತುದಿಯನ್ನು ನಾಲಗೆಯಂತೆ ಕೊರೆದು ಕಾಲಿನಲ್ಲಿ ತೋಡಿದ ತೂತಿಗೆ ಸೇರಿಸುವುದು. ಅವು ಕಾಲಿನ ಹೊರ ಅಂಚಿಗೆ ಸಮನಾಗಿರಲಿ. ಚೌಕಟ್ಟು ತೊಟ್ಟಿಗಿಂತ ಸುತ್ತಲೂ ಒಂದು ಅಂಗುಲ ಮಾತ್ರ ದೊಡ್ಡದು ಎಂಬುದನ್ನು ಗಮನಿಸಬೇಕು. ಗಾಜಿನ ಗೋಡೆಗಳು ಪಟ್ಟಿಗಳ ನೆತ್ತಿಯ ಮೇಲೆಯೇ ಬರಲಿ ಎಂದು ಹೀಗೆ. ಚೌಕಟ್ಟನ್ನು ಬಹಳ ಅಗಲ ಮಾಡಿದರೆ ಗೋಡೆಗಳ ಭಾರ ಬರಿಯ ಹಲಗೆಯ ಮೇಲೆ ಬಿದ್ದು ಹಲಗೆ ಬಾಗುತ್ತದೆ. ಗಾಜು ಬಾಗದು, ಬಿರುಕು ಬಿಡುತ್ತದೆ. ಹಲಗೆಗೆ ಮುಕ್ಕಾಲು ಅಂಗುಲದ ನೀರು ತಡೆಯುವ ಪ್ಲೈವುಡ್ ಸಾಕು, ಐ.ಎಸ್. 710 ಎಂಬ ಮುದ್ರೆ ಇದ್ದರೆ ಒಳ್ಳೆಯದು.

ಚೌಕ ಕೂಡಿಸುವಾಗ ಮೂಲೆಗಳು ನೇರವಾಗಿರಬೇಕಷ್ಟೆ. ಮೂಲೆಮಟ್ಟ ಇಲ್ಲದಿದ್ದರೆ ಒಂದು ದಾರ ಸಾಕು. ಈ ಮೂಲೆಯಿಂದ ಎದುರು ಮೂಲೆಗೆ, ಆ ಮೂಲೆಯಿಂದ ಅದರ ಎದುರು ಮೂಲೆಗೆ ದಾರ ಹಿಡಿಯಿರಿ. ಎರಡು ಕರ್ಣಗಳೂ ಒಂದೇ ಅಳತೆ ಬಂದರೆ ಸರಿ. ಗಣಿತದ ಮೇಷ್ಟರು ಈ ಅವಕಾಶ ಬಿಡುವರೆ? ಬೋಧಾಯನ ಶುಲ್ಬಸೂತ್ರದ ಕಾಲದಿಂದ ಯಜ್ಞವೇದಿಕೆ ಕಟ್ಟುವವರು ಹಗ್ಗದಿಂದಲೇ ಮೂಲೆ ತೆಗೆಯುತ್ತಿದ್ದರೆಂದು ಅಲ್ಲಿಯೇ ಅರ್ಧ ಗಂಟೆ ಪಾಠ ಮಾಡಿದರು. ಪಾಠ ಕೇಳದ ಹುಡುಗರೂ ಆ ದಿನ ಕೇಳಿದರು.

ಇನ್ನೊಂದು ಮುಖ್ಯ ಸಂಗತಿ. ಚೌಕಕ್ಕೆ ಒಂದು ದೌರ್ಬಲ್ಯವಿದೆ: ಪಕ್ಕದಿಂದ ತಳ್ಳಿದರೆ ವಾಲಿಕೊಳ್ಳುತ್ತದೆ. ತ್ರಿಕೋನ ವಾಲದು. ಆದಕಾರಣ ಹಿಂಬದಿಯಲ್ಲಿ ಒಂದು ಮೂಲೆಯಿಂದ ಇನ್ನೊಂದಕ್ಕೆ ಓರೆಪಟ್ಟಿಯೊಂದನ್ನೂ, ಎರಡು ಪಕ್ಕಗಳಲ್ಲಿ ಒಂದೊಂದನ್ನೂ ಕೊಡಬೇಕು. ಮುಂಬದಿ ತೆರೆದಿರಲಿ. ನೀರು ತುಂಬಿದ ತೊಟ್ಟಿಗೆ ಪಕ್ಕದ ಅಲುಗಾಟವೇ ಶತ್ರು. ಸ್ವಲ್ಪ ತೂಗಿದರೂ ನೀರು ಅತ್ತಿತ್ತ ಹೊಯ್ದಾಡಿ ತಳ್ಳುವಿಕೆ ಹೆಚ್ಚುತ್ತದೆ. ಮೈನ್ಸು ನಡೆಯುತ್ತಿದ್ದಾಗ ಭೂಮಿಯ ಒಳಗೆ ಬಂಡೆ ಸಿಡಿದರೆ ಮೇಲಿನ ಮನೆಗಳಲ್ಲಿ ಗೂಡಿನ ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ಜನ ಅದನ್ನು ‘ಏರ್‌ಬ್ಲಾಸ್ಟ್’ ಎನ್ನುತ್ತಿದ್ದರು. ಬಂಗಾರಪೇಟೆಯಲ್ಲಿ ರೈಲುದಾರಿಯ ಪಕ್ಕದ ಮನೆಗಳಿಗೆ ಹೊತ್ತುಹೊತ್ತಿಗೂ ನಡುಕ ಬರುತ್ತದೆ. ತಾತನವರು ಓರೆಪಟ್ಟಿಯನ್ನು ತಟ್ಟಿ ಕೂರಿಸುತ್ತ, ಒಳಗೆ ಇಳಿದವನು ಇದನ್ನು ಯಾರಿಗೂ ಕೇಳಿ ಹಾಕುವುದಿಲ್ಲ ಎಂದರು.

ತೊಟ್ಟಿ ಏರಿಸುವ ಮುಂಚೆ ಪರೀಕ್ಷೆ ಆಗಲೇಬೇಕು. ನಾವು ಮರಳಿನ ಚೀಲಗಳನ್ನು ಒಟ್ಟಿ ಎರಡು ಕ್ವಿಂಟಲ್ ಭಾರ ಹೇರಿ ಒಂದು ರಾತ್ರಿ ಬಿಟ್ಟೆವು. ಬೆಳಗ್ಗೆ ಮತ್ತೆ ದಾರ ಹಿಡಿದಾಗ ಕರ್ಣಗಳು ಕದಲಿರಲಿಲ್ಲ. ಹುಡುಗರಿಗೆ ಮೀನಿಗಿಂತ ಅಂದಿನ ಸಂತೋಷವೇ ಹೆಚ್ಚಾಗಿತ್ತೆಂದು ತೋರುತ್ತದೆ.

ಈಗ ಮೆರುಗಿನ ಕೆಲಸ. ಇದನ್ನು ಅಲಂಕಾರವೆಂದು ತಿಳಿದು ಅವಸರದಲ್ಲಿ ಮುಗಿಸುವವರು ಬಹಳ. ನೀರಿನ ಹತ್ತಿರವಿರುವ ಮರಕ್ಕೆ ಅದು ಅಲಂಕಾರವಲ್ಲ, ಚರ್ಮ. ಮೊದಲು ಹತ್ತರಿ ಹೊಡೆದು ಮಟ್ಟ ಮಾಡಿ, ಉಪ್ಪುಕಾಗದದಿಂದ ಉಜ್ಜಬೇಕು. 80ನೆಯ ನಂಬರಿನ ಒರಟಿನಿಂದ ಹೊರಟು 120, 220 ಎಂದು ನಯಕ್ಕೆ ಬರುವುದು. ಉಜ್ಜುವುದು ಮರದ ಎಳೆಯ ಗುಂಟ, ಅಡ್ಡಲಾಗಿ ಅಲ್ಲ. ಮೊನಚಾದ ಅಂಚುಗಳನ್ನು ದುಂಡಗೆ ಮಾಡಿ. ಚೂಪಾದ ಅಂಚಿನ ಮೇಲೆ ಯಾವ ಬಣ್ಣವೂ ನಿಲ್ಲದು, ಮಕ್ಕಳ ಹಣೆಗೂ ಅದು ಕ್ಷೇಮವಲ್ಲ. ನಯವಾಯಿತೆಂದು ತೋರಿದ ಮೇಲೆ ಒದ್ದೆ ಬಟ್ಟೆಯಿಂದ ಒಮ್ಮೆ ಒರಸಿ ಆರಲು ಬಿಡಿ. ಅಡಗಿದ್ದ ಎಳೆಗಳು ಎದ್ದು ಮರ ಮತ್ತೆ ಮುಳ್ಳುಮುಳ್ಳಾಗುತ್ತದೆ. ಆಗ ಇನ್ನೊಂದು ಸಾರಿ ಉಜ್ಜಿದರೆ, ಮುಂದೆ ಎಂದಾದರೂ ನೀರು ಬಿದ್ದಾಗ ಅದು ಹಾಗೆ ಏಳುವುದಿಲ್ಲ.

ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಳಿಯುವ ಪಾಲಿಶ್ ವೀಣೆಗೆ, ಕುರ್ಚಿಗೆ ಚೆಂದ. ಇಲ್ಲಿಗೆ ಬೇಡ, ನೀರು ತಗುಲಿದರೆ ಬೆಳ್ಳಗೆ ಕಲೆಗಟ್ಟುತ್ತದೆ. ಹರಳೆಣ್ಣೆ, ಹೊಂಗೆಯೆಣ್ಣೆ ಹಚ್ಚಿದರೆ ಎಂದಿಗೂ ಆರದೆ ಜಿಡ್ಡಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆ ಆರುತ್ತದೆ, ಆದರೆ ಅದೊಂದೇ ನೀರನ್ನು ಸಾಕಷ್ಟು ತಡೆಯದು. ಅಗಸೆ ಎಣ್ಣೆಯನ್ನು ಹಚ್ಚುವವರಿಗೆ ಒಂದು ಎಚ್ಚರಿಕೆ: ಎಣ್ಣೆ ಹೀರಿದ ಬಟ್ಟೆಯ ಚೂರುಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಕೂಡದು. ಅವು ಒಳಗೊಳಗೇ ಬಿಸಿಯಾಗಿ ತಾವೇ ಹೊತ್ತಿಕೊಳ್ಳುವುದುಂಟು. ಬಯಲಿನಲ್ಲಿ ಹರಡಿ ಆರಿಸಬೇಕು, ಇಲ್ಲವೇ ನೀರಿನಲ್ಲಿ ನೆನೆಹಾಕಬೇಕು. ನಮ್ಮ ಕೆಲಸಕ್ಕೆ ಒಳ್ಳೆಯ ವಾರ್ನಿಶ್, ಅದರಲ್ಲೂ ಪಿ.ಯು. ಎಂದು ಮಾರುವ ಪಾಲಿಯುರೆಥೇನ್ ಆದರೆ ಉತ್ತಮ. ಮೊದಲ ಕೈಯನ್ನು ತಕ್ಕ ದ್ರವ ಬೆರಸಿ ತೆಳ್ಳಗೆ ಮಾಡಿ ಮರ ಕುಡಿಯುವಷ್ಟು ಕುಡಿಸಿ. ಒಂದು ದಿನ ಬಿಟ್ಟು ಲಘುವಾಗಿ ಉಜ್ಜಿ ಎರಡನೆಯ ಕೈ. ಮತ್ತೆ ಹಾಗೆಯೇ ಮೂರನೆಯದು. ನಮ್ಮ ಕಡೆ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಒಣಹವೆ ಇದಕ್ಕೆ ಹೇಳಿ ಮಾಡಿಸಿದ ಕಾಲ. ಹಿಂಗಾರಿನ ಜಡಿಯಲ್ಲಿ ವಾರ್ನಿಶ್ ಮಂಕಾಗುತ್ತದೆ.

ಜನ ಮರೆಯುವುದು ಕಾಣದ ಕಡೆಗಳನ್ನು. ಹಲಗೆಯ ಅಡಿಭಾಗ, ಪ್ಲೈವುಡ್ಡಿನ ಅಂಚು, ಗೋಡೆಯ ಕಡೆ ತಿರುಗುವ ಬೆನ್ನು, ಕಾಲಿನ ಅಂಗಾಲು. ನೀರು ಬರುವುದು ಅಲ್ಲಿಂದಲೇ. ಒಂದು ಮುಖಕ್ಕೆ ಮಾತ್ರ ಬಳಿದ ಹಲಗೆ ಇನ್ನೊಂದು ಮುಖದಿಂದ ತೇವ ಹೀರಿ ದೊನ್ನೆಯಂತೆ ಬಾಗುತ್ತದೆ. ಮರವನ್ನು ಅಡ್ಡ ಕೊಯ್ದ ತುದಿ ಎಂದರೆ ನೂರಾರು ಸಣ್ಣ ಕೊಳವೆಗಳ ಬಾಯಿ. ನೆಲ ಒರಸಿದಾಗಲೆಲ್ಲ ಅಂಗಾಲು ನೀರು ಕುಡಿಯುತ್ತದೆ, ಹಿಂದೆಯೇ ಗೆದ್ದಲು ಬರುತ್ತದೆ. ತಾತನವರು ನಾಲ್ಕು ಹಳೆಯ ಬಟ್ಟಲುಗಳಲ್ಲಿ ವಾರ್ನಿಶ್ ಸುರಿದು, ಒಂದೊಂದರಲ್ಲಿ ಒಂದೊಂದು ಕಾಲು ಇಟ್ಟು ಒಂದು ಗಂಟೆ ನಿಲ್ಲಿಸಿದರು. ಆಮೇಲೆ ಕಾಲಿಗೊಂದರಂತೆ ಕಗ್ಗಲ್ಲಿನ ಚೂರು ಕೊಟ್ಟೆವು. ಕೋಲಾರದಲ್ಲಿ ಕಲ್ಲಿಗೆ ಬರವೆ?

ಬಳಿದ ಮೇಲೆ ಎರಡು ವಾರ ಸುಮ್ಮನೆ ಬಿಡಬೇಕು. ವಾಸನೆ ಪೂರ್ತಿ ಹೋಗುವವರೆಗೆ ಮೀನನ್ನು ಆ ಕೋಣೆಗೆ ತರುವುದು ಬೇಡ. ಆಮೇಲೆ ಬಿಸಿಲು ನೇರವಾಗಿ ಬೀಳದ ಗೋಡೆಯ ಪಕ್ಕ ಇಟ್ಟು ಮಟ್ಟ ನೋಡಿ. ಗಾರೆಯವರ ರಸಮಟ್ಟ ಇಲ್ಲದಿದ್ದರೂ ಚಿಂತೆಯಿಲ್ಲ, ತೊಟ್ಟಿಗೆ ಎರಡು ಅಂಗುಲ ನೀರು ಹಾಕಿದರೆ ಅದೇ ಮಟ್ಟ ಹೇಳುತ್ತದೆ. ಎರಡು ತುದಿಗಳಲ್ಲಿ ಅಳೆದು, ವ್ಯತ್ಯಾಸ ಕಂಡರೆ ಸರಿಮಾಡಬೇಕು. ಆದರೆ ನೀರು ತೆಗೆದು, ತೊಟ್ಟಿ ಇಳಿಸಿದ ಮೇಲೆ. ಗಾಜಿನ ಕೆಳಗೆ ಅರ್ಧ ಅಂಗುಲದ ಥರ್ಮೋಕೋಲ್ ಹಾಳೆ ಹಾಸಿದರೆ ಮರದ ಸಣ್ಣಪುಟ್ಟ ಉಬ್ಬುತಗ್ಗುಗಳನ್ನು ಅದು ನುಂಗಿಕೊಳ್ಳುತ್ತದೆ. ಗಾಳಿಯ ಪಂಪಿನ ವಿದ್ಯುತ್ ತಂತಿಯನ್ನು ಪ್ಲಗ್ಗಿಗಿಂತ ಕೆಳಗೆ ಒಂದು ಕುಣಿಕೆ ಇಳಿಬಿಟ್ಟು ಹಾಯಿಸಿ. ತಂತಿಯ ಗುಂಟ ಬಂದ ಹನಿ ಕುಣಿಕೆಯಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ಗಣಿಯ ಊರಿನವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ತೊಟ್ಟಿಯ ತಳಕ್ಕೆ ನುಣ್ಣನೆಯ ಮರಳು ಬೇಕೆಂದಾಗ ನಮ್ಮ ಹುಡುಗರಲ್ಲಿ ಒಬ್ಬ, “ಸಾರ್, ಸೈನೈಡ್ ದಿಬ್ಬದಲ್ಲಿ ಬೇಕಾದಷ್ಟಿದೆ, ತರಲಾ?” ಎಂದ. ಚಿನ್ನ ತೆಗೆದು ಉಳಿದ ಆ ಪುಡಿಯಲ್ಲಿ ವಿಷದ ಶೇಷವಿದೆ; ಮೀನಿಗೂ ಆಗದು, ಕೈಹಾಕುವ ಮಕ್ಕಳಿಗೂ ಆಗದು. ದಪ್ಪ ಮರಳನ್ನೋ ಸಣ್ಣ ಜಲ್ಲಿಯನ್ನೋ ನೀರು ತಿಳಿಯಾಗುವವರೆಗೆ ತೊಳೆದು ಹಾಕಿದರಾಯಿತು.

ನೀರನ್ನು ಒಂದೇ ಸಾರಿ ತುಂಬದೆ ಮೊದಲ ದಿನ ಕಾಲುಭಾಗ, ಮರುದಿನ ಅರ್ಧ, ಹೀಗೆ ಏರಿಸಿ. ಪ್ರತಿಸಲವೂ ಕೂಡುಗಳನ್ನು ಬೆರಳಿನಿಂದ ಸವರಿ ನೋಡಿ. ಬದಲಿಸಿದ ನೀರು ಕರಿಬೇವಿನ ಗಿಡಕ್ಕೆ ಹೋಗಲಿ. ನಮ್ಮಂಥ ಬರದ ಸೀಮೆಯಲ್ಲಿ ಅದನ್ನು ಮೋರಿಗೆ ಚೆಲ್ಲುವುದುಂಟೆ? ಕೊಳವೆಬಾವಿಯ ಗಡಸು ನೀರು ಚೆಲ್ಲಿದ ಕಡೆ ಬಿಳಿಯ ಉಪ್ಪು ಕಟ್ಟುತ್ತದೆ, ಅದನ್ನು ಒಡನೆಯೇ ಒರಸಿಬಿಡಿ. ವರ್ಷಕ್ಕೊಮ್ಮೆ ತಿರುಪುಗಳನ್ನು ಬಿಗಿಮಾಡಿ, ದೀಪ ಹಿಡಿದು ಹಿಂದಣ ಎರಡು ಕಾಲುಗಳ ಬುಡವನ್ನು ನೋಡಿ. ಮಣ್ಣಿನ ಗೆರೆಯೊಂದು ಮೇಲಕ್ಕೆ ಹತ್ತುತ್ತಿದ್ದರೆ ಅದು ಗೆದ್ದಲು. ಅಂದೇ ಕೆರೆದು ತೆಗೆದು, ಆ ಜಾಗ ಒಣಗಿದ ಮೇಲೆ ವಾರ್ನಿಶ್ಶಿನ ಇನ್ನೊಂದು ಕೈ ಕೊಡತಕ್ಕದ್ದು.